ಕಾಂಟ್ಯಾಕ್ಟ್! ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ವಿಮಾನದ ಎಂಜಿನ್ ಎಬ್ಬಿಸುವ ಬಗೆ

ಹಳದಿ ಬಣ್ಣದ ಪುಟ್ಟ ಪೈಪರ್ ಕಬ್ ವಿಮಾನ ಹುಲ್ಲಿನ ಮೇಲೆ ನಿಂತಿದೆ. ಒಳಗೆ ಒಬ್ಬರು ಕೂತಿದ್ದಾರೆ. ಮೂತಿಯ ಮುಂದೆ ಇನ್ನೊಬ್ಬರು ನಿಂತು ಪ್ರೊಪೆಲ್ಲರ್ ಬ್ಲೇಡಿನ ಮೇಲೆ ಅಂಗೈ ಇಟ್ಟಿದ್ದಾರೆ. ಹೊರಗಿನವರು ಏನೋ ಕೂಗುತ್ತಾರೆ, ಒಳಗಿನವರು ಅದನ್ನೇ ತಿರುಗಿ ಕೂಗುತ್ತಾರೆ. ಆಮೇಲೆ ಹೊರಗಿನವರು ಬ್ಲೇಡನ್ನು ಕೆಳಕ್ಕೆ ಎಳೆದು, ಅದೇ ಓಘದಲ್ಲಿ ಹಿಂದೆ ಸರಿಯುತ್ತಾರೆ. 'ಟಕ್' ಅಂತ ಒಂದು ಸದ್ದು. ಎಂಜಿನ್ ಒಮ್ಮೆ ಕೆಮ್ಮಿ, ಗುಡುಗುಡು ಅಂತ ಓಡತೊಡಗುತ್ತದೆ.

ಈ ವಿಮಾನದಲ್ಲಿ ಸ್ಟಾರ್ಟರ್ ಮೋಟರ್ ಇಲ್ಲ. ಬ್ಯಾಟರಿಯೂ ಇಲ್ಲ. ಆದರೂ ಸಿಲಿಂಡರಿನೊಳಗೆ ಕಿಡಿ ಹಾರಿತು. ಎಲ್ಲಿಂದ ಬಂತು ಆ ಕಿಡಿ?

ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಾದರೆ ಉಳಿದಿದ್ದೆಲ್ಲ ಬಿಡಿಸಿಕೊಳ್ಳುತ್ತದೆ. ಯಾಕೆ ಅಷ್ಟು ಕೂಗಾಟ, ಯಾಕೆ ಬೆರಳು ಮಡಚಬಾರದು, ಯಾಕೆ ನಿಂತಿರುವ ಪ್ರೊಪೆಲ್ಲರನ್ನೂ ಓಡುತ್ತಿರುವಂತೆಯೇ ಕಾಣಬೇಕು, ಎಲ್ಲಕ್ಕೂ. ನೋಡುವವರಿಗೆ ಇದೊಂದು ಹಳೇ ಕಾಲದ ಆಚಾರದ ಹಾಗೆ ಕಾಣಬಹುದು. ಆದರೆ ಇದರ ಒಂದೊಂದು ನಿಯಮದ ಹಿಂದೆಯೂ ಎಂಜಿನ್ನಿನ ಒಳಗಿನ ಒಂದು ಸ್ಪ್ರಿಂಗೋ ಒಂದು ತಂತಿಯೋ ಇದೆ. ಅವನ್ನು ಒಂದೊಂದಾಗಿ ನೋಡೋಣ.

ಕೈಗೆ ಸಿಗುವ ಎಂಜಿನ್

ಕಾರಿನ ಎಂಜಿನ್ನನ್ನು ಕೈಯಿಂದ ತಿರುಗಿಸಬೇಕಾದರೆ ಹ್ಯಾಂಡಲ್ ಬೇಕು. ಸಣ್ಣ ವಿಮಾನಕ್ಕೆ ಅದು ಬೇಡ, ಯಾಕೆಂದರೆ ಹ್ಯಾಂಡಲ್ ಆಗಲೇ ಮೂತಿಯ ಮೇಲಿದೆ. ಕಬ್‌ನಂಥ ವಿಮಾನಗಳಲ್ಲಿ ಪ್ರೊಪೆಲ್ಲರನ್ನು ನೇರವಾಗಿ, ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ತುದಿಗೇ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ನಡುವೆ ಗೇರ್ ಇಲ್ಲ, ಕ್ಲಚ್ ಇಲ್ಲ. ಬ್ಲೇಡ್ ಒಂದು ಸುತ್ತು ಬಂದರೆ ಎಂಜಿನ್ ಒಂದು ಸುತ್ತು ಬಂದಂತೆ. ಕಾರಿನ ಎಂಜಿನ್ನಿಗೆ ಓಟದ ಬಿರುಸು ಹಿಡಿದಿಡಲು ಭಾರದ ಫ್ಲೈವೀಲ್ ಇರುತ್ತದಲ್ವಾ? ಇಲ್ಲಿ ಆ ಕೆಲಸವನ್ನೂ ಪ್ರೊಪೆಲ್ಲರೇ ಮಾಡುತ್ತದೆ.

1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿದಾಗಲೂ ಎಂಜಿನ್ ಎದ್ದಿದ್ದು ಎರಡು ಪ್ರೊಪೆಲ್ಲರುಗಳನ್ನು ಕೈಯಿಂದ ಎಳೆದೇ. ಮುಂದೆ ಕಾರುಗಳಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ಸಣ್ಣ ವಿಮಾನಗಳು ಮಾತ್ರ ಅದನ್ನು ಬಹಳ ಕಾಲ ದೂರವೇ ಇಟ್ಟವು. ಸ್ಟಾರ್ಟರ್, ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಜನರೇಟರ್, ವೈರುಗಳು, ಎಲ್ಲವೂ ಭಾರ. 65 ಕುದುರೆಶಕ್ತಿಯ ಎಂಜಿನ್ನಿಗೆ ಅಷ್ಟು ಭಾರ ಹೊರಿಸಿದರೆ ಹೊರುವ ಜನ ಅಥವಾ ಇಂಧನದಲ್ಲಿ ಕಡಿತ ಮಾಡಬೇಕಾಗುತ್ತದೆ. ಪೈಪರ್ ಜೆ-3 ಕಬ್ ಸುಮಾರು 20,000 ತಯಾರಾದವು. ಅವುಗಳ ಜತೆಗೆ ಏರೊಂಕಾ ಚಾಂಪ್, ಟೇಲರ್‌ಕ್ರಾಫ್ಟ್, ಲಸ್ಕೋಂಬ್, ಇಂಗ್ಲೆಂಡಿನ ಟೈಗರ್ ಮಾತ್, ಇವೆಲ್ಲ ಕೈಯಿಂದಲೇ ಏಳುವ ವಿಮಾನಗಳು. ಇವುಗಳಲ್ಲಿ ಎಷ್ಟೋ ಇಂದಿಗೂ ಹಾರುತ್ತಿವೆ. ಹಾಗಾಗಿ ಈ ವಿದ್ಯೆಯೂ ಉಳಿದಿದೆ.

ಇನ್ನು ಎಳೆಯುವುದರ ವಿಷಯ. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ನಾಲ್ಕು ಸಲ ಉರಿಯುತ್ತದೆ. ಅಂದರೆ ಪ್ರತಿ ಅರ್ಧ ಸುತ್ತಿಗೆ ಯಾವುದೋ ಒಂದು ಪಿಸ್ಟನ್ ಗಾಳಿಯನ್ನು ಒತ್ತಿ ಹಿಡಿಯುತ್ತದೆ. ಸ್ವಿಚ್ ಆಫ್ ಇಟ್ಟು ಬ್ಲೇಡನ್ನು ನಿಧಾನಕ್ಕೆ ತಿರುಗಿಸಿದರೆ ಅದು ಕೈಗೆ ಗೊತ್ತಾಗುತ್ತದೆ. ಸ್ವಲ್ಪ ದೂರ ಸಲೀಸಾಗಿ ಬರುತ್ತದೆ, ಆಮೇಲೆ ಬಿಗಿಯಾಗುತ್ತದೆ, ಆ ಬಿಗಿ ದಾಟಿದ ಕೂಡಲೇ ಮತ್ತೆ ಸಡಿಲ. ಎರಡು ಬ್ಲೇಡಿನ ಪ್ರೊಪೆಲ್ಲರೂ ಅರ್ಧ ಸುತ್ತಿಗೊಮ್ಮೆ ಒಂದೇ ಥರ ನಿಲ್ಲುತ್ತದೆ. ಈ ಎರಡು ಲೆಕ್ಕ ಹೊಂದುವುದರಿಂದ ಬಿಗಿ ಪ್ರತಿ ಸಲವೂ ಬ್ಲೇಡ್ ಒಂದೇ ಜಾಗದಲ್ಲಿದ್ದಾಗ ಬರುತ್ತದೆ. ಆ ಜಾಗ ಎಲ್ಲಿರಬೇಕು ಅನ್ನುವುದು ಮೆಕ್ಯಾನಿಕ್ ಕೈಯಲ್ಲಿದೆ. ಬೋಲ್ಟ್ ಹಾಕುವಾಗ ಸರಿಯಾದ ರಂಧ್ರ ನೋಡಿ ಕೂರಿಸಿದರೆ ಬಿಗಿ ಬರುವ ಹೊತ್ತಿಗೆ ಬ್ಲೇಡ್ ಅಡ್ಡ ಗೆರೆಗಿಂತ ಸ್ವಲ್ಪ ಮೇಲೆ, ಎಳೆಯಲು ಹದವಾದ ಎತ್ತರದಲ್ಲಿರುತ್ತದೆ. ತಪ್ಪಾಗಿ ಕೂರಿಸಿದರೆ ಬಿಗಿ ತೀರಾ ಮೇಲೆ ಬಂದು ತೋಳು ಚಾಚಬೇಕಾಗುತ್ತದೆ, ಇಲ್ಲವೇ ತೀರಾ ಕೆಳಗೆ ಬಂದು ಬಗ್ಗಬೇಕಾಗುತ್ತದೆ. ಪ್ರೊಪೆಲ್ಲರಿನ ಎದುರು ಚಾಚುವುದೂ ಬಗ್ಗುವುದೂ ಎರಡೂ ಕೆಟ್ಟದ್ದೇ.

ಅನುಮತಿ ಕೇಳದ ಯಂತ್ರ

ಈಗ ಕಿಡಿಗೆ ಬರೋಣ. ಇಡೀ ಕತೆಯ ಹೃದಯ ಇರುವುದು ಮ್ಯಾಗ್ನೆಟೊ ಎಂಬ ಪುಟ್ಟ ಪೆಟ್ಟಿಗೆಯಲ್ಲಿ.

ಸೈಕಲ್ಲಿನ ಡೈನಮೊ ನೋಡಿದವರಿಗೆ ಮ್ಯಾಗ್ನೆಟೊ ಸುಲಭವಾಗಿ ಅರ್ಥವಾಗುತ್ತದೆ. ಚಕ್ರ ತಿರುಗಿದರೆ ದೀಪ ಹತ್ತುತ್ತದೆ, ಬ್ಯಾಟರಿ ಬೇಕಿಲ್ಲ. ಮ್ಯಾಗ್ನೆಟೊ ಅದೇ ಜಾತಿಯದು. ಎಂಜಿನ್ ಜತೆಗೆ ಅದರೊಳಗೆ ಒಂದು ಅಯಸ್ಕಾಂತ ತಿರುಗುತ್ತದೆ. ಪಕ್ಕದ ಕಾಯಿಲಿನಲ್ಲಿ ವಿದ್ಯುತ್ ಹುಟ್ಟುತ್ತದೆ. ಸರಿಯಾದ ಕ್ಷಣಕ್ಕೆ ಪಾಯಿಂಟ್ ಎಂಬ ಸಣ್ಣ ಬಾಯಿ ತೆರೆದುಕೊಂಡು ಆ ವಿದ್ಯುತ್ತಿನ ದಾರಿಯನ್ನು ಥಟ್ಟನೆ ಕಡಿಯುತ್ತದೆ. ಹಾಗೆ ಕಡಿದಾಗ ಅದರ ಮೇಲೆಯೇ ಸುತ್ತಿರುವ ಇನ್ನೊಂದು ಕಾಯಿಲಿನಲ್ಲಿ ಸಾವಿರಾರು ವೋಲ್ಟಿನ ಏಟು ಹುಟ್ಟುತ್ತದೆ. ಎರಡನೆಯ ಕಾಯಿಲಿನಲ್ಲಿ ಕೂದಲಿನಷ್ಟು ತೆಳುವಾದ ತಂತಿಯ ಸಾವಿರಾರು ಸುತ್ತುಗಳಿರುತ್ತವೆ. ಆ ಏಟೇ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ.

ವಿಮಾನಕ್ಕೆ ಇದನ್ನು ಇಟ್ಟಿರುವುದು ಸುಮ್ನೆ ಅಲ್ಲ. ಆಕಾಶದಲ್ಲಿ ಬ್ಯಾಟರಿ ಸತ್ತರೂ ವೈರು ಸುಟ್ಟರೂ ಎಂಜಿನ್ ನಿಲ್ಲಬಾರದು. ತಿರುಗುತ್ತಿರುವ ತನಕ ತನ್ನ ಕಿಡಿಯನ್ನು ತಾನೇ ಮಾಡಿಕೊಳ್ಳಬೇಕು. ಅಷ್ಟೂ ಸಾಲದೆಂದು ಎರಡೆರಡು ಮ್ಯಾಗ್ನೆಟೊ, ಪ್ರತಿ ಸಿಲಿಂಡರಿಗೆ ಎರಡೆರಡು ಪ್ಲಗ್ಗು ಇಟ್ಟಿರುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು. ಇದು ಬಹಳ ಒಳ್ಳೆಯ ಯೋಚನೆ. ಆದರೆ ನೆಲದ ಮೇಲೆ ಇದೇ ಗುಣ ಅಪಾಯವಾಗುತ್ತದೆ. ತಿರುಗಿಸುತ್ತಿರುವುದು ಓಡುವ ಎಂಜಿನ್ನೋ ಮನುಷ್ಯನ ಕೈಯೋ ಮ್ಯಾಗ್ನೆಟೊಗೆ ಗೊತ್ತಾಗುವುದಿಲ್ಲ. ತಿರುಗಿತು ಅಂದರೆ ಕಿಡಿ ಕೊಟ್ಟಿತು.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಕೈಯಿಂದ ಎಳೆದಾಗ ಸಿಗುವ ವೇಗ ಬಹಳ ಕಡಿಮೆ. ಅಯಸ್ಕಾಂತ ನಿಧಾನಕ್ಕೆ ತಿರುಗಿದರೆ ಕಿಡಿ ಸೊರಗುತ್ತದೆ, ಕೆಲವು ಸಲ ಹಾರುವುದೇ ಇಲ್ಲ. ಎರಡನೆಯದು ಇನ್ನೂ ಕಷ್ಟದ್ದು. ಓಡುವ ಎಂಜಿನ್ನಿನಲ್ಲಿ ಕಿಡಿ ಹಾರುವುದು ಪಿಸ್ಟನ್ ತುದಿ ಮುಟ್ಟುವ ಮೊದಲೇ. ಕ್ರ್ಯಾಂಕ್‌ಶಾಫ್ಟಿನ ಲೆಕ್ಕದಲ್ಲಿ ಸುಮಾರು 20ರಿಂದ 30 ಡಿಗ್ರಿ ಮೊದಲು. ಇಂಧನ ಉರಿದು ಒತ್ತಡ ಏರಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ವೇಗದ ಪಿಸ್ಟನ್ ತುದಿ ದಾಟಿ ಕೆಳಗಿಳಿಯಲು ಶುರು ಮಾಡಿರುತ್ತದೆ, ಒತ್ತಡ ಅದನ್ನು ಸರಿಯಾದ ದಿಕ್ಕಿಗೇ ತಳ್ಳುತ್ತದೆ. ಕೈಯಿಂದ ಎಳೆಯುವಾಗ ಪಿಸ್ಟನ್ ಇನ್ನೂ ಮೇಲೇರುತ್ತಲೇ ಇರುತ್ತದೆ. ಅಷ್ಟು ಬೇಗ ಕಿಡಿ ಹಾರಿದರೆ ಒತ್ತಡ ಅದನ್ನು ಬಂದ ದಾರಿಗೇ ತಳ್ಳುತ್ತದೆ. ಪ್ರೊಪೆಲ್ಲರ್ ಉಲ್ಟಾ ಹೊಡೆಯುತ್ತದೆ. ಹಳೇ ಮೋಟರ್‌ಸೈಕಲ್ಲಿನ ಕಿಕ್ಕರ್ ಕಾಲಿಗೆ ವಾಪಸ್ ಒದೆಯುತ್ತದಲ್ಲ, ಇದು ಅದೇ. ಆದರೆ ಇಲ್ಲಿ ಒದೆಯುವುದು 6 ಅಡಿ ಉದ್ದದ ಪ್ರೊಪೆಲ್ಲರು.

ಈ ಎರಡೂ ತೊಡಕುಗಳನ್ನು ಒಂದೇ ಸ್ಪ್ರಿಂಗು ಬಗೆಹರಿಸುತ್ತದೆ. ಯಂತ್ರಗಳನ್ನು ಇಷ್ಟಪಡುವವರಿಗೆ ಇದು ತುಂಬಾ ಖುಷಿ ಕೊಡುವ ಜಾಗ. ಇದರ ಹೆಸರು ಇಂಪಲ್ಸ್ ಕಪ್ಲಿಂಗ್. ಎಂಜಿನ್ ಮತ್ತು ಮ್ಯಾಗ್ನೆಟೊ ನಡುವೆ ಇದು ಕೂತಿರುತ್ತದೆ. ನಿಧಾನಕ್ಕೆ ತಿರುಗಿಸಿದಾಗ ಇದರೊಳಗಿನ ಕೊಕ್ಕೆಯೊಂದು ಒಂದು ಪಿನ್ನಿಗೆ ಸಿಕ್ಕಿಕೊಂಡು ಮ್ಯಾಗ್ನೆಟೊವನ್ನು ತಡೆದು ನಿಲ್ಲಿಸುತ್ತದೆ. ಎಂಜಿನ್ ಮಾತ್ರ ಮುಂದೆ ಹೋಗುತ್ತಿರುತ್ತದೆ. ನಡುವಿನ ಸ್ಪ್ರಿಂಗ್ ಬಿಗಿಯುತ್ತಾ ಬರುತ್ತದೆ. ಪಿಸ್ಟನ್ ಹೆಚ್ಚುಕಡಿಮೆ ತುದಿಗೆ ಬಂದಾಗ ಕೊಕ್ಕೆ ಕಳಚುತ್ತದೆ. ಇಲಿಬೋನು ಹಾರಿದ ಹಾಗೆ ಸ್ಪ್ರಿಂಗ್ ಮ್ಯಾಗ್ನೆಟೊವನ್ನು ಒಂದೇ ಏಟಿಗೆ ರಪ್ಪನೆ ತಿರುಗಿಸುತ್ತದೆ. ಕೈ ಎಷ್ಟೇ ನಿಧಾನವಿರಲಿ, ಅಯಸ್ಕಾಂತ ವೇಗವಾಗಿ ತಿರುಗಿತು, ಕಿಡಿ ಗಟ್ಟಿಯಾಯಿತು. ತಡವಾಗಿ ಬಿಟ್ಟಿದ್ದರಿಂದ ಕಿಡಿಯ ಹೊತ್ತೂ ಸರಿಹೋಯಿತು. ಎಂಜಿನ್ ಎದ್ದು ವೇಗ ಹಿಡಿದ ಮೇಲೆ ಕೊಕ್ಕೆಗಳು ತಿರುಗುವ ರಭಸಕ್ಕೆ ಹೊರಕ್ಕೆ ಸರಿದು, ಪಿನ್ನಿಗೆ ಸಿಗದೆ ಹಾಗೇ ಉಳಿಯುತ್ತವೆ.

ಮೊದಲಿಗೆ ಕೇಳಿಸಿತಲ್ಲ 'ಟಕ್', ಅದು ಈ ಕೊಕ್ಕೆ ಕಳಚಿದ ಸದ್ದು. ಇದು ಗೊತ್ತಿದ್ದವರು ಬಿರುಸಾಗಿ ಎಳೆಯುವ ಹಟಕ್ಕೆ ಬೀಳುವುದಿಲ್ಲ. ಕಿಡಿಗೆ ಬೇಕಾದ ವೇಗ ಸ್ಪ್ರಿಂಗು ಕೊಡುತ್ತದೆ. ಕೈಯ ಕೆಲಸ ಬ್ಲೇಡನ್ನು ಬಿಗಿ ದಾಟಿಸುವುದು ಮಾತ್ರ. ತೋಳಿನ ಬಲ ಇಲ್ಲಿ ನಾವಂದುಕೊಂಡಷ್ಟು ಮುಖ್ಯ ಅಲ್ಲ.

ಇನ್ನೊಂದು ವಿಷಯ. ಎಷ್ಟೋ ಎಂಜಿನ್ನುಗಳಲ್ಲಿ ಇಂಪಲ್ಸ್ ಕಪ್ಲಿಂಗ್ ಒಂದೇ ಮ್ಯಾಗ್ನೆಟೊಗೆ ಇರುತ್ತದೆ, ಸಾಮಾನ್ಯವಾಗಿ ಎಡಗಡೆಯದಕ್ಕೆ. ಇನ್ನೊಂದು ಬೇಗ ಕಿಡಿ ಕೊಡುವಂಥದ್ದೇ. ಅಂಥ ಎಂಜಿನ್ನನ್ನು ಎರಡೂ ಆನ್ ಮಾಡಿಟ್ಟು ಎಳೆದರೆ ಉಲ್ಟಾ ಒದೆತವನ್ನು ಕರೆದು ತಂದಂತೆ. ಕಪ್ಲಿಂಗ್ ಇರುವುದನ್ನಷ್ಟೇ ಆನ್ ಮಾಡಿ, ಎಂಜಿನ್ ಎದ್ದ ಮೇಲೆ ಎರಡಕ್ಕೂ ಹಾಕಬೇಕು. ಯಾವ ಮ್ಯಾಗ್ನೆಟೊಗೆ ಏನಿದೆ ಅಂತ ಗೊತ್ತಿಲ್ಲದ ವಿಮಾನದ ಪ್ರೊಪೆಲ್ಲರನ್ನು ಎಳೆಯಲೇಬಾರದು ಅನ್ನುವುದು ಈ ಕಾರಣಕ್ಕೆ.

ಉಲ್ಟಾ ಕೆಲಸ ಮಾಡುವ ಸ್ವಿಚ್ಚು

ಮನೆಯ ದೀಪದ ಸ್ವಿಚ್ಚಿನ ಬಗ್ಗೆ ನಮಗೊಂದು ನಂಬಿಕೆ ಇದೆ. ಆಫ್ ಮಾಡಿದರೆ ವೈರು ಕಡಿಯುತ್ತದೆ, ವಿದ್ಯುತ್ ನಿಲ್ಲುತ್ತದೆ. ವೈರು ತುಂಡಾದರೂ ಅಷ್ಟೇ, ದೀಪ ಹತ್ತುವುದಿಲ್ಲ. ಕೆಟ್ಟರೆ ಆಫ್ ಕಡೆಗೆ ಕೆಡುತ್ತದೆ.

ಮ್ಯಾಗ್ನೆಟೊ ಸ್ವಿಚ್ಚು ಇದಕ್ಕೆ ಪೂರಾ ಉಲ್ಟಾ. ಮ್ಯಾಗ್ನೆಟೊ ತಾನೇ ವಿದ್ಯುತ್ ಮಾಡಿಕೊಳ್ಳುವುದರಿಂದ ಹೊರಗಿನಿಂದ ಕಡಿಯಲು ಏನೂ ಇಲ್ಲ. ಅದನ್ನು ಸುಮ್ಮನಿರಿಸಲು ಇರುವ ಉಪಾಯ ಒಂದೇ. ಮೊದಲ ಕಾಯಿಲಿನ ವಿದ್ಯುತ್ತಿಗೆ ಪಕ್ಕದಿಂದ ಇನ್ನೊಂದು ದಾರಿ ಮಾಡಿಕೊಟ್ಟು ಎಂಜಿನ್ನಿನ ಮೈಗೆ ಹರಿಸಿಬಿಡುವುದು. ಆಗ ಪಾಯಿಂಟ್ ತೆರೆದರೂ ವಿದ್ಯುತ್ ಥಟ್ಟನೆ ಕಡಿಯುವುದಿಲ್ಲ, ಕಿಡಿ ಹುಟ್ಟುವುದಿಲ್ಲ. ಈ ದಾರಿಯಾಗಿರುವ ತಂತಿಗೆ ಪಿ-ಲೀಡ್ ಅನ್ನುತ್ತಾರೆ. ಸ್ವಿಚ್ ಆಫ್ ಮಾಡುವುದು ಎಂದರೆ ಈ ತಂತಿಯನ್ನು ಜೋಡಿಸುವುದು. ಆನ್ ಮಾಡುವುದು ಎಂದರೆ ಕಳಚುವುದು.

ಈಗ ಆ ತಂತಿ ಅಲುಗಾಟಕ್ಕೆ ತುಂಡಾಯಿತು ಅಂದುಕೊಳ್ಳಿ. ಅದರ ತುದಿಯ ನಟ್ಟು ಸಡಿಲವಾಯಿತು ಅಂದುಕೊಳ್ಳಿ. ಸ್ವಿಚ್ಚಿನ ಒಳಗೆ ಸವೆದು ಸರಿಯಾಗಿ ಮುಟ್ಟುತ್ತಿಲ್ಲ ಅಂದುಕೊಳ್ಳಿ. ಕೀಲಿ ಆಫ್‌ನಲ್ಲಿದೆ, ಜೇಬಿನಲ್ಲೂ ಇರಬಹುದು. ಮ್ಯಾಗ್ನೆಟೊ ಮಾತ್ರ ಆನ್ ಆಗಿದೆ. ಹೊರಗಿನಿಂದ ನೋಡಿದರೆ ಯಾವ ಗುರುತೂ ಇಲ್ಲ, ದೀಪವಿಲ್ಲ, ಸದ್ದಿಲ್ಲ. ಸಿಲಿಂಡರಿನಲ್ಲಿ ಉಳಿದ ಸ್ವಲ್ಪ ಇಂಧನದ ಆವಿ, ಬ್ಲೇಡಿಗೆ ಒಂದು ಸಣ್ಣ ನೂಕು, ಒಳಗೆ ಬಿಗಿದಿಟ್ಟ ಸ್ಪ್ರಿಂಗ್ ಕಳಚಿತು ಅಂದರೆ ಸಾಕು. ಎಂಜಿನ್ ಪೂರ್ತಿ ಎದ್ದು ಓಡಬೇಕಾಗಿಯೂ ಇಲ್ಲ. ಒಂದೇ ಒಂದು ಸಿಲಿಂಡರ್ ಒಂದೇ ಒಂದು ಸಲ ಉರಿದರೂ ಬ್ಲೇಡ್ ಅರ್ಧ ಸುತ್ತು ಹಾರುತ್ತದೆ. ಮುಂದೆ ನಿಂತವರ ಕೈಗೋ ತಲೆಗೋ ಅಷ್ಟು ಸಾಕು.

ಅದಕ್ಕೇ ವಿಮಾನದ ಹತ್ತಿರ ಕೆಲಸ ಮಾಡುವವರಿಗೆ ಮೊದಲ ದಿನವೇ ಹೇಳಿಕೊಡುವ ಮಾತು, ಪ್ರೊಪೆಲ್ಲರ್ ಯಾವಾಗಲೂ ಜೀವಂತ. ಒರೆಸುವಾಗ, ಫೋಟೊಗೆ ನಿಲ್ಲುವಾಗ, ವಿಮಾನವನ್ನು ಶೆಡ್ಡಿಗೆ ತಳ್ಳುವಾಗ, ಯಾವಾಗಲೂ. ಪುಟ್ಟ ಮಕ್ಕಳು ವಿಮಾನ ನೋಡಲು ಬಂದಾಗ ಮೊದಲು ಕೈ ಹೋಗುವುದು ಪ್ರೊಪೆಲ್ಲರಿಗೇ. ಈ ಒಂದು ಮಾತನ್ನು ಅವರಿಗೂ ಅವರ ದೊಡ್ಡವರಿಗೂ ಹೇಳಲೇಬೇಕು.

ಕೂಗುವ ಮಾತುಗಳು

ಹೊರಗೆ ನಿಂತವರಿಗೆ ಸ್ವಿಚ್ಚು ಕಾಣುವುದಿಲ್ಲ. ಒಳಗೆ ಕೂತವರಿಗೆ ಮುಂದಿನವರ ಕೈ ಕಾಲು ಪೂರ್ತಿ ಕಾಣುವುದಿಲ್ಲ. ಬಾಲ ನೆಲಕ್ಕೆ ಊರಿ ಮೂತಿ ಎತ್ತಿ ನಿಂತ ವಿಮಾನದಲ್ಲಂತೂ ಮುಂದೆ ಯಾರಿದ್ದಾರೆ ಅನ್ನುವುದೇ ಸರಿಯಾಗಿ ಕಾಣದು. ಇಬ್ಬರಿಗೂ ಅರ್ಧರ್ಧ ಮಾತ್ರ ಗೊತ್ತು. ಆ ಎರಡು ಅರ್ಧ ಸೇರುವುದು ಮಾತಿನಲ್ಲಿ.

ಹಾಗಾಗಿ ಮಾತು ಮೊದಲೇ ಗೊತ್ತುಮಾಡಿದ್ದಾಗಿರುತ್ತದೆ. ಅಮೆರಿಕದ ಪದ್ಧತಿಯಲ್ಲಿ ಹೊರಗಿನವರು ಕೂಗುತ್ತಾರೆ: "ಗ್ಯಾಸ್ ಆನ್, ಸ್ವಿಚ್ ಆಫ್, ಥ್ರಾಟಲ್ ಕ್ಲೋಸ್ಡ್, ಬ್ರೇಕ್ಸ್ ಸೆಟ್!" ಥ್ರಾಟಲ್ ಅಂದರೆ ಎಂಜಿನ್ನಿನ ಬಲ ಹೆಚ್ಚು ಕಡಿಮೆ ಮಾಡುವ ಹಿಡಿ. ಒಳಗಿನವರು ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿ, ಆಮೇಲೆ ಅದನ್ನೇ ತಿರುಗಿ ಕೂಗುತ್ತಾರೆ. ಸುಮ್ನೆ ಹೂಂ ಅಂದರೆ ಆಗುವುದಿಲ್ಲ, ಬರೀ ತಲೆ ಆಡಿಸಿದರೂ ಆಗುವುದಿಲ್ಲ. ಬ್ರೇಕ್ ಹಿಡಿದಿದೆಯೋ ಇಲ್ಲವೋ ಅಂತ ಹೊರಗಿನವರು ವಿಮಾನವನ್ನು ತಳ್ಳಿ ನೋಡುತ್ತಾರೆ. ಆಮೇಲೆ ಸ್ವಿಚ್ ಆಫ್ ಇದ್ದಂತೆಯೇ ಪ್ರೊಪೆಲ್ಲರನ್ನು ಕೆಲವು ಸಲ ತಿರುಗಿಸಿ ಇಂಧನವನ್ನು ಸಿಲಿಂಡರುಗಳಿಗೆ ಎಳೆಸುತ್ತಾರೆ. ಚಳಿಯಲ್ಲಿ ತಣ್ಣಗಾದ ಎಂಜಿನ್ನಿಗೆ ಇದರ ಜತೆಗೆ ಪ್ರೈಮರ್ ಎಂಬ ಕೈಪಂಪಿನಿಂದಲೂ ಸ್ವಲ್ಪ ಇಂಧನ ಕೊಡಬೇಕಾಗುತ್ತದೆ. ಈ ತಿರುಗಿಸುವಾಗಲೂ ಎಂಜಿನ್ ಈಗಲೇ ಎದ್ದುಬಿಡುತ್ತದೆ ಎಂಬ ಎಚ್ಚರದಲ್ಲೇ ನಿಲ್ಲಬೇಕು. ಯಾಕೆಂದರೆ ಪಿ-ಲೀಡಿನ ಕತೆ ಗೊತ್ತಲ್ಲ.

ಎಲ್ಲ ಸಿದ್ಧವಾದ ಮೇಲೆ ಬರುವ ಮಾತು "ಕಾಂಟ್ಯಾಕ್ಟ್!" ಸ್ವಿಚ್ ಆನ್ ಮಾಡಿ ಅಂತ ಅದರ ಅರ್ಥ. ಹಾಗಾದರೆ "ಸ್ವಿಚ್ ಆನ್" ಅಂತಲೇ ಯಾಕೆ ಕೂಗಬಾರದು? ಗಾಳಿಯಲ್ಲಿ, ಪಕ್ಕದ ಎಂಜಿನ್ನಿನ ಸದ್ದಿನಲ್ಲಿ "ಸ್ವಿಚ್ ಆನ್" ಮತ್ತು "ಸ್ವಿಚ್ ಆಫ್" ಹೆಚ್ಚುಕಡಿಮೆ ಒಂದೇ ಥರ ಕೇಳುತ್ತವೆ. ಒಂದು ಪ್ರೊಪೆಲ್ಲರನ್ನು ಎಬ್ಬಿಸುವ ಮಾತು, ಇನ್ನೊಂದು ಮಲಗಿಸುವ ಮಾತು. ಅವು ಒಂದನ್ನೊಂದು ಹೋಲಬಾರದು. ಅದಕ್ಕೇ ಆನ್‌ಗೆ ಬೇರೆಯೇ ಪದ. ಒಳಗಿನವರು ಮೊದಲು ಸ್ವಿಚ್ ಹಾಕಿ ಆಮೇಲೆ "ಕಾಂಟ್ಯಾಕ್ಟ್" ಅಂತ ಉತ್ತರಿಸಬೇಕು. ಈ ಹಿಂದುಮುಂದು ಬಹಳ ಮುಖ್ಯ. ಉತ್ತರ ಕಿವಿಗೆ ಬಿದ್ದಾಗ ಹೊರಗಿನವರಿಗೆ ಒಂದೇ ಅರ್ಥ ಸಿಗಬೇಕು, ಈಗ ಇದು ಆನ್ ಆಗಿದೆ.

ಟೈಗರ್ ಮಾತ್ ತಯಾರಿಸಿದವರು ಇದಕ್ಕೆ ಇನ್ನೂ ಚಂದದ ಉಪಾಯ ಮಾಡಿದ್ದರು. 1931ರಲ್ಲಿ ಮೊದಲು ಹಾರಿದ ಆ ವಿಮಾನದಲ್ಲಿ ಮ್ಯಾಗ್ನೆಟೊ ಸ್ವಿಚ್ಚುಗಳು ಕಾಕ್‌ಪಿಟ್ಟಿನ ಹೊರಮೈಯಲ್ಲಿವೆ. ಮುಂದೆ ನಿಂತವರಿಗೆ ಸ್ವಿಚ್ ಮೇಲಿದೆಯೋ ಕೆಳಗಿದೆಯೋ ಕಣ್ಣಿಗೇ ಕಾಣುತ್ತದೆ. ಆದರೂ ಕೂಗುವುದನ್ನು ಬಿಟ್ಟಿಲ್ಲ. ಬಿಡಬಾರದು ಕೂಡ. ಸ್ವಿಚ್ಚಿನ ಹಿಡಿ ಕಾಣುತ್ತದೆ, ಅದರ ಹಿಂದಿನ ತಂತಿ ಕಾಣುವುದಿಲ್ಲ.

ಕೈ, ಕಾಲು, ನೆಲ

ಅಮೆರಿಕದ ಎಂಜಿನ್ನುಗಳು ಪೈಲಟ್ ಸೀಟಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತವೆ. ಮುಂದೆ ನಿಂತು ನೋಡುವವರಿಗೆ ಅದು ಉಲ್ಟಾ. ಹಾಗಾಗಿ ಎದುರು ನಿಂತವರ ಎಡಗಡೆಯ ಬ್ಲೇಡ್ ಕೆಳಗಿಳಿಯುತ್ತದೆ, ಎಳೆಯುವುದು ಅದನ್ನೇ. ಟೈಗರ್ ಮಾತಿನ ಜಿಪ್ಸಿ ಮೇಜರ್ ಎಂಜಿನ್ ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ಕಬ್‌ನಲ್ಲಿ ಕೈ ಪಳಗಿದವರು ಟೈಗರ್ ಮಾತಿಗೆ ಹೋದರೆ ಅಭ್ಯಾಸವಾದ ಹೆಜ್ಜೆಯೇ ತಪ್ಪಾಗುತ್ತದೆ. ಹೊಸ ವಿಮಾನ ಅಂದರೆ ಮೊದಲಿಂದ ಕಲಿಯಬೇಕು.

ಬ್ಲೇಡನ್ನು ಹಿಡಿಯುವುದಿಲ್ಲ, ಅದರ ಮೇಲೆ ಅಂಗೈ ಇಡುವುದು. ಬೆರಳುಗಳು ಬ್ಲೇಡಿನ ಅಂಚನ್ನು ಸುತ್ತಿ ಹಿಂದಕ್ಕೆ ಮಡಚಿಕೊಳ್ಳಬಾರದು. ಕಾರಣ ಆಗಲೇ ನೋಡಿದೆವು. ಎಂಜಿನ್ ಉಲ್ಟಾ ಒದ್ದರೆ ಮಡಚಿದ ಬೆರಳು ಬ್ಲೇಡಿನ ಜತೆಗೇ ಹೋಗುತ್ತದೆ, ಬೆರಳಿನ ಹಿಂದೆ ತೋಳು, ತೋಳಿನ ಹಿಂದೆ ಮೈ. ಅಂಗೈ ಚಪ್ಪಟೆಯಾಗಿದ್ದರೆ ಬ್ಲೇಡ್ ಜಾರಿ ಹೋಗುತ್ತದೆ. ಲೋಹದ ಬ್ಲೇಡುಗಳ ಹಿಂದಿನ ಅಂಚು ತೆಳುವಾಗಿ ಹರಿತವಾಗಿರುವುದು ಇನ್ನೊಂದು ಕಾರಣ.

ಎಳೆಯುವುದು ಮತ್ತು ಹಿಂದೆ ಸರಿಯುವುದು ಎರಡಲ್ಲ, ಒಂದೇ ಚಲನೆ. ನಿಂತಿರುವಾಗಲೇ ಮೈಯ ಭಾರ ಹಿಂದಕ್ಕೆ ಹೋಗುವಂತೆ ನಿಲ್ಲಬೇಕು. ಬ್ಲೇಡ್ ಕೆಳಗಿಳಿಯುತ್ತಿದ್ದಂತೆ ಮೈ ತಾನಾಗಿ ಪ್ರೊಪೆಲ್ಲರಿನಿಂದ ದೂರ ಹೋಗಬೇಕು. ತೀರಾ ದೂರ ನಿಂತರೆ ಬ್ಲೇಡ್ ಮುಟ್ಟಲು ಮುಂದಕ್ಕೆ ಬಾಗಬೇಕಾಗುತ್ತದೆ. ಹೊಸಬರು ಭಯಕ್ಕೆ ಮಾಡುವ ತಪ್ಪು ಇದೇ. ದೂರ ನಿಂತರೆ ಕ್ಷೇಮ ಅನಿಸುತ್ತದೆ, ಆದರೆ ಬಾಗಿದ ಮೈ ಎಳೆದ ಮೇಲೆ ಬೀಳುವುದು ಪ್ರೊಪೆಲ್ಲರಿನ ಕಡೆಗೇ.

ನೆಲವೂ ಲೆಕ್ಕಕ್ಕೆ ಬರುತ್ತದೆ. ಒದ್ದೆ ಹುಲ್ಲು, ಜಲ್ಲಿಕಲ್ಲು, ಎಣ್ಣೆ ಚೆಲ್ಲಿದ ಕಾಂಕ್ರೀಟು, ಕೆಸರು, ಹಿಮ ಇದ್ದರೆ ವಿಮಾನವನ್ನು ಬೇರೆ ಕಡೆಗೆ ತಳ್ಳಿಕೊಂಡು ಹೋಗುವುದೇ ಸರಿ. ಜೋತಾಡುವ ಶಾಲು, ಸಡಿಲ ತೋಳಿನ ಅಂಗಿ, ಕೊರಳಲ್ಲಿ ನೇತಾಡುವ ಗುರುತಿನ ಚೀಟಿ, ಉಂಗುರ, ಎಲ್ಲ ತೆಗೆದಿಡಬೇಕು.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಅಂತ ಒಂದು ಸಣ್ಣ ಲೆಕ್ಕ ಹೇಳುತ್ತದೆ. ಎಂಜಿನ್ ಎದ್ದ ಕೂಡಲೇ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಅಂದುಕೊಳ್ಳೋಣ. ಇದು ಬಹಳ ಮೆಲ್ಲಗೆ ಓಡುವಾಗಿನ ವೇಗ. ಸೆಕೆಂಡಿಗೆ 10 ಸುತ್ತು, ಎರಡು ಬ್ಲೇಡು, ಅಂದರೆ ಒಂದೇ ಜಾಗದಲ್ಲಿ ಸೆಕೆಂಡಿಗೆ 20 ಸಲ ಬ್ಲೇಡ್ ಹಾಯುತ್ತದೆ. 6 ಅಡಿಯ ಪ್ರೊಪೆಲ್ಲರಿನ ತುದಿ ಆಗಲೇ ಗಂಟೆಗೆ 200 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿರುತ್ತದೆ. ನೋಡಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಅನ್ನುವಷ್ಟು ಹೊತ್ತು ಅಲ್ಲಿ ಇಲ್ಲ. ಕಾಣಿಸುವ ಮೊದಲೇ ಕೈ ಅಲ್ಲಿರಬಾರದು.

ಕಬ್ ಓಡಿಸುವ ಕೆಲವರು ಮುಂದೆ ನಿಲ್ಲದೆ ಪ್ರೊಪೆಲ್ಲರಿನ ಹಿಂದೆ, ಬಲಗಡೆಯ ಬಾಗಿಲ ಹತ್ತಿರ ನಿಂತು ಎಳೆಯುತ್ತಾರೆ. ವಿಮಾನ ಮುಂದಕ್ಕೆ ಜರುಗಿದರೆ ಪ್ರೊಪೆಲ್ಲರ್ ತಮ್ಮಿಂದ ದೂರ ಹೋಗುತ್ತದೆ, ಒಳಗೆ ಕೈ ಹಾಕಿ ಸ್ವಿಚ್ ಆಫ್ ಮಾಡಲೂ ಹತ್ತಿರ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೆ ಅಲ್ಲಿ ಚಕ್ರ, ರೆಕ್ಕೆಯ ಆಧಾರದ ಕಂಬ, ಬ್ಲೇಡು ಇವುಗಳ ನಡುವಿನ ಜಾಗ ಇಕ್ಕಟ್ಟು, ಓಡಿ ತಪ್ಪಿಸಿಕೊಳ್ಳುವ ದಾರಿಯೂ ಕಡಿಮೆ. ಯಾವುದನ್ನೇ ಆಗಲಿ, ಓದಿ ಮಾಡುವಂಥದ್ದಲ್ಲ. ಆ ವಿಮಾನ ಗೊತ್ತಿರುವವರು ಪಕ್ಕದಲ್ಲಿ ನಿಂತು ಕಲಿಸಬೇಕು.

ಒಳಗೆ ಯಾರೂ ಇಲ್ಲದಿದ್ದರೆ

1955ರ ಆಗಸ್ಟ್ 30. ಆಸ್ಟ್ರೇಲಿಯಾದ ಸಿಡ್ನಿಯ ಬ್ಯಾಂಕ್ಸ್‌ಟೌನ್ ವಿಮಾನ ನಿಲ್ದಾಣ. ಒಬ್ಬರೇ ಹಾರಾಟ ಅಭ್ಯಾಸ ಮಾಡುತ್ತಿದ್ದ ಪೈಲಟ್ಟಿನ ಆಸ್ಟರ್ ವಿಮಾನ ನೆಲಕ್ಕಿಳಿದ ಮೇಲೆ ಎಂಜಿನ್ ನಿಂತುಹೋಯಿತು. ಅವರು ಇಳಿದು ಬಂದು ಪ್ರೊಪೆಲ್ಲರ್ ತಿರುಗಿಸಿದರು. ಎಂಜಿನ್ ಎದ್ದಿತು, ಬ್ರೇಕ್ ಹಿಡಿದು ನಿಲ್ಲಲಿಲ್ಲ. ವಿಮಾನ ಓಡಿತು, ಒಳಗೆ ಯಾರೂ ಇಲ್ಲದೆಯೇ ಮೇಲಕ್ಕೇರಿತು. ಸಿಡ್ನಿ ನಗರದ ಮೇಲೆ ತಾನೇ ಸುತ್ತು ಹಾಕಿ, ಕೊನೆಗೆ ಸಮುದ್ರದ ಕಡೆಗೆ ಹೋಯಿತು. ವಾಯುಪಡೆಯ ವಿಮಾನಗಳು ಬೆನ್ನಟ್ಟಿದರೂ ಬೀಳಿಸಲು ಆಗಲಿಲ್ಲ. ನೌಕಾಪಡೆಯ ಸೀ ಫ್ಯೂರಿ ಯುದ್ಧವಿಮಾನಗಳು ಬಂದು ಅದನ್ನು ಸಮುದ್ರಕ್ಕೆ ಹೊಡೆದುರುಳಿಸಿದವು. ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ.

ಒಂದು ಪುಟ್ಟ ವಿಮಾನ ತಾನಾಗಿ ಹಾರುವುದು ಅಂದರೆ ನಂಬಲು ಕಷ್ಟ. ಆದರೆ ಅದನ್ನು ಮಾಡಿರುವುದೇ ಹಾರಲಿಕ್ಕೆ. ಖಾಲಿ ಕಬ್ ವಿಮಾನದ ತೂಕ ಸುಮಾರು 350 ಕಿಲೋ. ಥ್ರಾಟಲ್ ಸ್ವಲ್ಪ ಜಾಸ್ತಿ ತೆರೆದಿದ್ದು ಮುಂದೆ ಜಾಗವಿದ್ದರೆ ಅದು ತಡೆಯುವವರಿಗಾಗಿ ಕಾಯುವುದಿಲ್ಲ. ರೆಕ್ಕೆ ಹಿಡಿದು ನಿಲ್ಲಿಸುತ್ತೇನೆ ಅಂತ ಹೋದರೆ ಆ ಕಡೆ ರೆಕ್ಕೆ ನಿಂತು, ವಿಮಾನ ಬುಗುರಿಯಂತೆ ಸುತ್ತಿ, ಪ್ರೊಪೆಲ್ಲರ್ ಹಿಡಿದವರ ಕಡೆಗೇ ತಿರುಗುತ್ತದೆ.

ಆದ್ದರಿಂದ ಸೀಟಿನಲ್ಲಿ ಇರಬೇಕಾದವರು ಆ ವಿಮಾನವನ್ನು ಬಲ್ಲ ಪೈಲಟ್ಟು. ಬ್ರೇಕ್ ಎಲ್ಲಿದೆ ಅಂತ ಗೊತ್ತಿಲ್ಲದ ಗೆಳೆಯರನ್ನು ಕೂರಿಸಿದರೆ ಖಾಲಿ ಸೀಟಿಗಿಂತ ಹೆಚ್ಚೇನೂ ಉಪಯೋಗವಿಲ್ಲ. ಗಾಬರಿಯಲ್ಲಿ ಅವರು ಥ್ರಾಟಲನ್ನೇ ಹಿಡಿದು ತಳ್ಳಬಹುದು. ಬೇರೆ ದಾರಿಯೇ ಇಲ್ಲದೆ ಒಬ್ಬರೇ ಮಾಡಬೇಕಾದರೆ ಬಾಲವನ್ನು ಗಟ್ಟಿ ಹಗ್ಗದಿಂದ ನೆಲದ ಗೂಟಕ್ಕೆ ಕಟ್ಟಬೇಕು, ಚಕ್ರಗಳಿಗೆ ಮರದ ಅಡೆ ಕೊಡಬೇಕು, ಥ್ರಾಟಲ್ ಪೂರ್ತಿ ಮುಚ್ಚಿದ ಹತ್ತಿರ ಇರಬೇಕು. ಟೈಗರ್ ಮಾತ್‌ಗಳಿಗಂತೂ ಮೂಲದಲ್ಲಿ ಚಕ್ರದ ಬ್ರೇಕೇ ಇರಲಿಲ್ಲ. ಅಲ್ಲಿ ಈ ಮರದ ಅಡೆಗಳೇ ಎಲ್ಲ.

ಥ್ರಾಟಲ್ ತೆರೆದು ಉಳಿಯುವುದು ಹೇಗೆ ಅಂತ ಕೇಳಬಹುದು. ಬಹಳ ಸಲ ಕಾರಣ ಇದು. ಎಂಜಿನ್ ಏಳಲಿಲ್ಲ, ಮತ್ತೆ ಮತ್ತೆ ಇಂಧನ ಕೊಟ್ಟು ಸಿಲಿಂಡರಿನಲ್ಲಿ ಅದು ಜಾಸ್ತಿಯಾಯಿತು. ಇದನ್ನು ಬಿಡಿಸಲು ಸ್ವಿಚ್ ಆಫ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಪ್ರೊಪೆಲ್ಲರನ್ನು ಹಿಂದಕ್ಕೆ ಹಲವು ಸುತ್ತು ತಿರುಗಿಸಿ ಗಾಳಿಯಾಡಿಸುತ್ತಾರೆ. ಅಷ್ಟು ಹೊತ್ತಿಗೆ ಇಬ್ಬರೂ ಬೆವರಿರುತ್ತಾರೆ, ತಾಳ್ಮೆ ತೆಳ್ಳಗಾಗಿರುತ್ತದೆ. ಮತ್ತೆ ಎಳೆಯುವ ಮೊದಲು ಥ್ರಾಟಲ್ ಮುಚ್ಚಲು ಮರೆಯುತ್ತಾರೆ. ಈಗ ಎಂಜಿನ್ ಎದ್ದರೆ ಪೂರ್ತಿ ಬಲದಲ್ಲೇ ಏಳುತ್ತದೆ. ಪ್ರತಿ ಸಲವೂ ಕೂಗು ಮೊದಲಿನಿಂದ ಶುರುವಾಗಬೇಕು ಅನ್ನುವುದು ಇದಕ್ಕಾಗಿ. ಐದು ನಿಮಿಷದ ಹಿಂದೆ "ಥ್ರಾಟಲ್ ಕ್ಲೋಸ್ಡ್" ಅಂದಿದ್ದು ಈಗ ಲೆಕ್ಕಕ್ಕಿಲ್ಲ.

ಬ್ಯಾಟರಿ ಸತ್ತ ವಿಮಾನ

ಇಲ್ಲಿಯ ತನಕ ಹೇಳಿದ್ದು ಕೈಯಿಂದಲೇ ಏಳಲೆಂದು ಮಾಡಿದ ವಿಮಾನಗಳ ಮಾತು. ಸ್ಟಾರ್ಟರ್ ಇರುವ ವಿಮಾನದ ಬ್ಯಾಟರಿ ಸತ್ತಾಗ "ಒಂದು ಸಲ ಕೈಯಿಂದ ತಿರುಗಿಸಿಬಿಡೋಣ" ಅನ್ನುವ ಆಸೆ ಬರುತ್ತದೆ. ನನ್ನ ಅಭಿಪ್ರಾಯ ನೇರವಾಗಿದೆ. ಬೇಡ. ಬ್ಯಾಟರಿ ಚಾರ್ಜ್ ಮಾಡಿಕೊಳ್ಳಿ.

ಕಾರಣಗಳು ಎಂಜಿನ್ನಿನ ಒಳಗೇ ಇವೆ. ಕೆಲವು ಎಂಜಿನ್ನುಗಳಲ್ಲಿ ಇಂಪಲ್ಸ್ ಕಪ್ಲಿಂಗ್ ಇಲ್ಲವೇ ಇಲ್ಲ. ಸ್ಟಾರ್ಟ್ ಆಗುವ ಹೊತ್ತಿಗೆ ತಡವಾಗಿ, ಸಾಲು ಸಾಲಾಗಿ ಕಿಡಿ ಕೊಡಲು ಬ್ಯಾಟರಿಯಿಂದ ನಡೆಯುವ ಬೇರೆ ಉಪಕರಣ ಇರುತ್ತದೆ. ಬ್ಯಾಟರಿ ಸತ್ತರೆ ಆ ಉಪಕರಣವೂ ಸತ್ತಂತೆ. ಉಳಿಯುವುದು ಬೇಗ ಹಾರುವ ಕಿಡಿ ಮಾತ್ರ, ಅಂದರೆ ಉಲ್ಟಾ ಒದೆತ. ಪ್ರೊಪೆಲ್ಲರಿಗೆ ಮೂರು ಬ್ಲೇಡುಗಳಿದ್ದರೆ ಕೈಯಿಂದ ಜಾರಿದ ಬ್ಲೇಡಿನ ಹಿಂದೆ ಇನ್ನೊಂದು ಇನ್ನೂ ಬೇಗ ಬರುತ್ತದೆ. ಎಂಜಿನ್ ಮತ್ತು ಪ್ರೊಪೆಲ್ಲರ್ ನಡುವೆ ಗೇರ್ ಇದ್ದರೆ ಬ್ಲೇಡ್ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ ಒಂದಕ್ಕಿಂತ ಹೆಚ್ಚು ಸುತ್ತು ಬರಬೇಕು, ಕೈಗೆ ಅಷ್ಟು ಪಟ್ಟು ಬಿಗಿ ಸಿಗುತ್ತದೆ. ಮೂತಿಯ ಕೆಳಗೆ ಚಕ್ರವಿರುವ ವಿಮಾನಗಳಲ್ಲಿ ಪ್ರೊಪೆಲ್ಲರ್ ಎಷ್ಟೋ ಸಲ ತಗ್ಗಿನಲ್ಲಿರುತ್ತದೆ, ಬಗ್ಗದೆ ಎಳೆಯಲು ಆಗುವುದಿಲ್ಲ.

ಇಷ್ಟೆಲ್ಲ ದಾಟಿ ಎಂಜಿನ್ ಎದ್ದಿತು ಅಂತಲೇ ಇಟ್ಟುಕೊಳ್ಳೋಣ. ಆಲ್ಟರ್ನೇಟರ್ ವಿದ್ಯುತ್ ಮಾಡಲು ಶುರುಮಾಡಬೇಕಾದರೆ ಅದಕ್ಕೇ ಮೊದಲು ಸ್ವಲ್ಪ ವಿದ್ಯುತ್ ಬೇಕು. ಪೂರ್ತಿ ಸತ್ತ ಬ್ಯಾಟರಿ ಅಷ್ಟನ್ನೂ ಕೊಡುವುದಿಲ್ಲ. ಎಂಜಿನ್ ಓಡುತ್ತಿರುತ್ತದೆ, ರೇಡಿಯೊ ಇಲ್ಲ, ದೀಪ ಇಲ್ಲ, ವಿದ್ಯುತ್ತಿನಿಂದ ನಡೆಯುವ ಮೀಟರುಗಳಿಲ್ಲ. ಹಾಗೆ ಆಕಾಶಕ್ಕೇರಿ ಏನು ಮಾಡುವುದು?

ದೊಡ್ಡ ಎಂಜಿನ್ನುಗಳ ಕಾಲದಲ್ಲೂ ಇದೇ ಕಷ್ಟಕ್ಕೆ ಜನ ದಾರಿ ಹುಡುಕಿದ್ದರು. ಮೊದಲ ಮಹಾಯುದ್ಧದಲ್ಲಿ ಕೆಲವು ಕಡೆ ಎರಡು ಮೂರು ಜನ ಕೈ ಕೈ ಹಿಡಿದು ಸಾಲಾಗಿ ನಿಂತು ಒಂದೇ ಬ್ಲೇಡನ್ನು ಎಳೆಯುತ್ತಿದ್ದರು. ಬ್ರಿಟನ್ನಿನ ಬೆಂಟ್‌ಫೀಲ್ಡ್ ಹಕ್ಸ್ ಎಂಬ ಪೈಲಟ್ ಲಾರಿಯ ಮೇಲೊಂದು ಉದ್ದನೆಯ ಶಾಫ್ಟ್ ಕೂರಿಸಿ, ಅದನ್ನು ಪ್ರೊಪೆಲ್ಲರಿನ ನಡುವಿನ ಕೊಕ್ಕೆಗೆ ತಾಗಿಸಿ ಲಾರಿಯ ಎಂಜಿನ್ನಿನಿಂದಲೇ ತಿರುಗಿಸುವ ಉಪಾಯ ಮಾಡಿದರು. ಅದಕ್ಕೆ ಹಕ್ಸ್ ಸ್ಟಾರ್ಟರ್ ಅಂತಲೇ ಹೆಸರು ಬಂತು. ಮುಂದೆ ಬಂದೂಕಿನ ತೋಟೆಯಂಥದ್ದನ್ನು ಸಿಡಿಸಿ ಅದರ ಒತ್ತಡದಿಂದ ಎಂಜಿನ್ ತಿರುಗಿಸುವ ಸ್ಟಾರ್ಟರುಗಳೂ ಬಂದವು. ಎಲ್ಲದರ ಉದ್ದೇಶ ಒಂದೇ, ಮನುಷ್ಯನ ಕೈಯನ್ನು ಬ್ಲೇಡಿನಿಂದ ದೂರ ಇಡುವುದು.

ಕೈಯಿಂದ ಏಳುವ ಪುಟ್ಟ ವಿಮಾನಗಳಲ್ಲಿ ಮುಂದಿನ ಸಲ ಎಳೆಯುವವರ ಕ್ಷೇಮ ಇವತ್ತು ಎಂಜಿನ್ ನಿಲ್ಲಿಸುವಾಗಲೇ ಶುರುವಾಗುತ್ತದೆ. ಹಾರಿ ಬಂದ ಮೇಲೆ ಎಂಜಿನ್ ಮೆಲ್ಲಗೆ ಓಡುತ್ತಿರುವಾಗ ಪೈಲಟ್ ಸ್ವಿಚ್ಚನ್ನು ಒಂದು ಕ್ಷಣ ಆಫ್‌ಗೆ ತಂದು ಮತ್ತೆ ಆನ್ ಮಾಡುತ್ತಾರೆ. ಆ ಒಂದು ಕ್ಷಣ ಎಂಜಿನ್ನಿನ ಸದ್ದು ಸತ್ತರೆ ಪಿ-ಲೀಡುಗಳು ಸರಿಯಾಗಿವೆ. ಆಫ್ ಮಾಡಿದರೂ ಎಂಜಿನ್ ಏನೂ ಆಗದ ಹಾಗೆ ಓಡುತ್ತಲೇ ಇದ್ದರೆ ಎಲ್ಲೋ ಒಂದು ತಂತಿ ಕಳಚಿದೆ. ಆಗ ಇಂಧನ ನಿಲ್ಲಿಸಿ ಎಂಜಿನ್ನನ್ನು ಆರಿಸುತ್ತಾರೆ. ಆಮೇಲೆ ಪ್ರೊಪೆಲ್ಲರಿಗೆ ಎಲ್ಲರ ಕಣ್ಣಿಗೆ ಬೀಳುವಂಥ ಒಂದು ಚೀಟಿ ಕಟ್ಟಿ ಮೆಕ್ಯಾನಿಕ್‌ಗೆ ಹೇಳಿಕಳಿಸುತ್ತಾರೆ. ಅವರು ಬಂದು ನೋಡುವ ತನಕ ಆ ಬ್ಲೇಡನ್ನು ಯಾರೂ ಮುಟ್ಟುವುದಿಲ್ಲ.